ಎಡಗಾಲಿಗೆ ಬೇಕಿರುವುದು ಸ್ವಾತಂತ್ರ್ಯವಲ್ಲ, ತಾಳ

ಡ್ರಮ್ಸ್ ಕಲಿಯುವ ಹುಡುಗರ ಬಾಯಲ್ಲಿ ಸದಾ ಓಡಾಡುವ ಪದ ‘ಇಂಡಿಪೆಂಡೆನ್ಸ್’. ಎರಡು ಕೈ, ಎರಡು ಕಾಲು, ನಾಲ್ಕೂ ತಮ್ಮ ತಮ್ಮ ಪಾಡಿಗೆ ಬೇರೆ ಬೇರೆ ಕೆಲಸ ಮಾಡಬೇಕು ಅನ್ನುವುದು ಅದರ ಅರ್ಥ. ಅದರಲ್ಲೂ ಎಡಗಾಲಿನ ಇಂಡಿಪೆಂಡೆನ್ಸ್ ಅಂದರೆ ಹುಡುಗರು ಕಣ್ಣರಳಿಸುತ್ತಾರೆ. ಕಲಿಸುವವರೂ ಅದನ್ನೊಂದು ಶಿಖರ ಮಾಡಿ ಇಟ್ಟಿದ್ದಾರೆ: ಮೊದಲು ಕೈ ಕೂರಲಿ, ಆಮೇಲೆ ಬಲಗಾಲು, ಎಡಗಾಲನ್ನು ಕೊನೆಗೆ ನೋಡೋಣ. ಪುಣೆಯಲ್ಲಿ ಹನ್ನೆರಡು ವರ್ಷಗಳಿಂದ ಡ್ರಮ್ಸ್ ಕಲಿಸುತ್ತಿರುವ ನಾನು ಹೇಳುವುದು ಇಷ್ಟೇ: ಈ ಕ್ರಮ ತಲೆಕೆಳಗಾಗಿದೆ. ಎಡಗಾಲನ್ನು ಕೊನೆಗೆ ಇಟ್ಟವರಿಗೆ ಆ ಕೊನೆ ಬರುವುದೇ ಇಲ್ಲ. ಕೈಕಾಲಿಗೆ ಬುದ್ಧಿ ಕಲಿಸುವ ಕೆಲಸ ಶುರುವಾಗಬೇಕಾದದ್ದೇ ಎಡಗಾಲಿನಿಂದ.

ಡ್ರಮ್ ಸೆಟ್ ಹತ್ತಿರದಿಂದ ನೋಡದವರಿಗಾಗಿ ಒಂದು ಮಾತು. ಬಲಗಾಲಿನ ಕೆಳಗೆ ಒಂದು ಪೆಡಲ್. ಒತ್ತಿದರೆ ದೊಡ್ಡ ಬಾಸ್ ಡ್ರಮ್ಮಿಗೆ ಪೆಟ್ಟು ಬೀಳುತ್ತದೆ. ಎಡಗಾಲಿನ ಕೆಳಗೆ ಇನ್ನೊಂದು ಪೆಡಲ್. ಅದಕ್ಕೆ ಸೇರಿದ ಕಂಬದ ಮೇಲೆ ಒಂದರ ಮೇಲೊಂದು ಕೂತ ಎರಡು ತಟ್ಟೆಗಳು. ಇದೇ ಹೈ-ಹ್ಯಾಟ್. ಕಾಲು ಒತ್ತಿದರೆ ತಟ್ಟೆಗಳು ಕೂಡಿ ‘ಚಿಕ್’ ಅನ್ನುತ್ತವೆ, ಎತ್ತಿದರೆ ಬಿಡಿಸಿಕೊಳ್ಳುತ್ತವೆ. ನಮ್ಮ ಭಜನೆಯ ತಾಳವನ್ನು ಕಂಬಕ್ಕೆ ಏರಿಸಿ, ಅದನ್ನು ಕೂಡಿಸುವ ಕೆಲಸವನ್ನು ಕೈಯಿಂದ ಕಾಲಿಗೆ ಇಳಿಸಿದ ಹಾಗೆ. ನನ್ನ ವಾದವೆಲ್ಲ ಈ ಒಂದು ಹೋಲಿಕೆಯಲ್ಲೇ ಇದೆ.

ಕಾಲಿನ ಕೆಲಸ ಕೈಗೆ ಹೋದದ್ದು

ಡ್ರಮ್ ಸೆಟ್ ಹುಟ್ಟಿದ್ದೇ ಕಾಲಿನಿಂದ. ಮೊದಲು ಬಾಸ್ ಡ್ರಮ್ಮಿಗೊಬ್ಬ, ಸ್ನೇರ್ ಡ್ರಮ್ಮಿಗೊಬ್ಬ, ತಟ್ಟೆಗೊಬ್ಬ ಇರುತ್ತಿದ್ದರು. 1909ರಲ್ಲಿ ಷಿಕಾಗೋದ ಲುಡ್ವಿಗ್ ಸಹೋದರರು ವೇಗವಾಗಿ ಕೆಲಸ ಮಾಡುವ ಬಾಸ್ ಡ್ರಮ್ ಪೆಡಲ್ ಮಾರಾಟಕ್ಕೆ ತಂದರು, ಒಬ್ಬನೇ ಕೂತು ಎಲ್ಲವನ್ನೂ ನುಡಿಸುವ ದಾರಿ ಅಗಲವಾಯಿತು. 1920ರ ದಶಕದಲ್ಲಿ ಎಡಗಾಲಿಗೂ ಒಂದು ವಾದ್ಯ ಬಂತು. ಮೊದಲು ನೆಲದಿಂದ ಒಂದು ಗೇಣು ಎತ್ತರದಲ್ಲಿದ್ದ ಜೋಡಿ ತಟ್ಟೆ, ಆ ದಶಕದ ಕೊನೆಯ ಹೊತ್ತಿಗೆ ಕೈಗೂ ಎಟಕುವ ಎತ್ತರಕ್ಕೆ ಏರಿತು. 1930ರ ದಶಕದಲ್ಲಿ ಕೌಂಟ್ ಬೇಸಿಯ ತಂಡದ ಜೋ ಜೋನ್ಸ್, ಲಯ ಹಿಡಿಯುವ ಕೆಲಸವನ್ನು ಬಾಸ್ ಡ್ರಮ್ಮಿನ ಭಾರದಿಂದ ಬಿಡಿಸಿ ಹೈ-ಹ್ಯಾಟಿಗೆ ತಂದ. ಇಡೀ ತಂಡವೇ ಹಗುರಾಯಿತು. ಮ್ಯಾಕ್ಸ್ ರೋಚ್ 1966ರ ‘ಡ್ರಮ್ಸ್ ಅನ್‌ಲಿಮಿಟೆಡ್’ ಆಲ್ಬಮ್ಮಿನಲ್ಲಿ ‘ದ ಡ್ರಮ್ ಆಲ್ಸೋ ವಾಲ್ಟ್ಜಸ್’ ಎಂಬ ಒಂಟಿ ಡ್ರಮ್ಮಿನ ತುಣುಕು ನುಡಿಸಿದ. ಮೂರು ಎಣಿಕೆಯ ಆವರ್ತ. ಮೊದಲನೆಯದಕ್ಕೆ ಬಲಗಾಲು, ಎರಡು ಮತ್ತು ಮೂರಕ್ಕೆ ಎಡಗಾಲಿನ ‘ಚಿಕ್’. ಕಾಲುಗಳು ಅಷ್ಟನ್ನೇ ಹೇಳುತ್ತಾ ಹೋಗುತ್ತವೆ, ಕೈಗಳು ಅದರ ಮೇಲೆ ಮಾತಾಡುತ್ತವೆ. ಒಮ್ಮೆ ಕೇಳಿ. ಅಲ್ಲಿ ಎಡಗಾಲು ಯಾವ ಚಮತ್ಕಾರವನ್ನೂ ಮಾಡುವುದಿಲ್ಲ. ಇದ್ದಲ್ಲೇ ಇರುತ್ತದೆ. ಅದು ಅಲ್ಲಿದೆ ಎಂಬ ಧೈರ್ಯದಿಂದಲೇ ಕೈಗಳು ಅಷ್ಟು ದೂರ ಹೋಗುತ್ತವೆ.

ನಮ್ಮಲ್ಲಿ ಕಥೆ ಬೇರೆ ದಿಕ್ಕಿಗೆ ತಿರುಗಿತು. 1985ರಲ್ಲಿ ರೋಲ್ಯಾಂಡ್ ಕಂಪನಿಯ ಆಕ್ಟಾಪ್ಯಾಡ್ ಬಂತು. ಎಂಟು ಚೌಕ, ಎಂಟು ಸದ್ದು, ಎರಡು ಕೋಲು. ಅದರ ಸಂತತಿ ಇವತ್ತು ಬೆಳಗಾವಿಯಿಂದ ಮೈಸೂರಿನವರೆಗೆ ಆರ್ಕೆಸ್ಟ್ರಾಗಳಲ್ಲಿ, ಪುಣೆಯ ಗಣೇಶೋತ್ಸವದ ಮಂಟಪಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ಕಾಣುತ್ತದೆ. ಆಟೋದಲ್ಲಿ ಇಟ್ಟುಕೊಂಡು ಹೋಗಬಹುದು, ಎರಡು ಅಡಿ ಜಾಗ ಸಾಕು. ಆ ಅನುಕೂಲದ ಬಗ್ಗೆ ನನಗೆ ತಕರಾರಿಲ್ಲ. ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಅದನ್ನು ನಿಂತುಕೊಂಡು ನುಡಿಸುತ್ತಾರೆ, ಕೈಯಲ್ಲೇ ಎಲ್ಲವನ್ನೂ ಮುಗಿಸುತ್ತಾರೆ, ಕಾಲಿಗೆ ಕೆಲಸವಿಲ್ಲ. ಆ ಕೈಗಳನ್ನು ನೋಡಿ ಬೆಳೆದ ಎರಡು ತಲೆಮಾರು ಡ್ರಮ್ಸ್ ಅಂದರೆ ಕೈಚಳಕ ಅಂದುಕೊಂಡಿತು. ನನ್ನ ಬಳಿ ಬರುವ ಹತ್ತರಲ್ಲಿ ಏಳೆಂಟು ಹುಡುಗರು ಮೊದಲ ದಿನ ಎಡಗಾಲನ್ನು ಪೆಡಲಿನ ಮೇಲೆ ಕಲ್ಲಿನ ಹಾಗೆ ಇಟ್ಟು ಕೂರುತ್ತಾರೆ. ಕೆಲವರು ಅದನ್ನು ಕುರ್ಚಿಯ ಕೆಳಗೆ ಮಡಚಿಕೊಂಡಿರುತ್ತಾರೆ. ಎರಡು ವರ್ಷ ಬೇರೆ ಕಡೆ ಕಲಿತು, ಪರೀಕ್ಷೆ ಪಾಸು ಮಾಡಿ ಬಂದವರೂ ಹಾಗೆಯೇ.

ಮಾರಾಟಕ್ಕಿರುವ ಎರಡು ಔಷಧಿ

ಈ ಕಾಯಿಲೆಗೆ ಮಾರುಕಟ್ಟೆಯಲ್ಲಿ ಎರಡು ಔಷಧಿ ಸಿಗುತ್ತವೆ. ಒಂದು ಡಬಲ್ ಪೆಡಲ್. ಎಡಗಾಲಿಗೂ ಬಾಸ್ ಡ್ರಮ್ಮಿನ ಒಂದು ಸುತ್ತಿಗೆ ಜೋಡಿಸುವ ಸಾಧನ. ಮೆಟಲ್ ಸಂಗೀತ ನುಡಿಸುವವನಿಗೆ ಅದು ಬೇಕು, ನಿಜ. ಆದರೆ ಎಡಗಾಲಿಗೆ ಒಂದು ನಿಮಿಷ ಒಂದೇ ಸಮ ‘ಚಿಕ್’ ಅನ್ನಲು ಬಾರದವನಿಗೆ ಅದನ್ನು ಕೊಡಿಸುವುದು, ನಡೆಯಲು ಬಾರದ ಮಗುವಿಗೆ ಸೈಕಲ್ ಕೊಡಿಸಿದ ಹಾಗೆ. ಫಲ ಏನು? ಬಲಗಾಲು ಜೋರು, ಎಡಗಾಲು ಮೆತ್ತಗೆ. ಬಲದ್ದು ಸರಿಯಾಗಿ, ಎಡದ್ದು ಕೂದಲೆಳೆ ತಡವಾಗಿ. ಕುಂಟುವ ಕುದುರೆಯ ಸದ್ದು. ವೇಗ ಹೆಚ್ಚಿಸಿದರೆ ಕುಂಟು ಮುಚ್ಚಿಹೋಗುತ್ತದೆ ಎಂದು ಇನ್ನಷ್ಟು ವೇಗ. ಅಪ್ಪಂದಿರು ದುಡ್ಡು ಸುರಿಯುತ್ತಾರೆ, ಅಂಗಡಿಯವರು ನಗುತ್ತಾರೆ.

ಎರಡನೆಯದು ಕ್ಲಿಕ್. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಫೋನಿನ ಮೆಟ್ರೊನೋಮ್ ಕೇಳುತ್ತ ನುಡಿಸುವುದು. ಅಭ್ಯಾಸಕ್ಕೆ ಅದು ಒಳ್ಳೆಯ ಕನ್ನಡಿ. ಆದರೆ ಹುಡುಗರು ಕನ್ನಡಿಯನ್ನೇ ಮುಖ ಅಂದುಕೊಂಡಿದ್ದಾರೆ. ತಾಳ ಎಲ್ಲಿದೆ ಅಂತ ಕೇಳಿದರೆ ಕಿವಿ ತೋರಿಸುತ್ತಾರೆ. ವೇದಿಕೆಯಲ್ಲಿ ಭಾವಗೀತೆ ಹಾಡುವವರು ಕೊನೆಯ ಸಾಲನ್ನು ಸ್ವಲ್ಪ ಎಳೆದು, ಉಸಿರು ಹಿಡಿದು, ಮತ್ತೆ ಪಲ್ಲವಿಗೆ ಇಳಿಯುತ್ತಾರಲ್ಲ, ಆ ಗಳಿಗೆಯಲ್ಲಿ ಯಂತ್ರ ಕಾಯುವುದಿಲ್ಲ. ಹಾಡುವವರೇ ಯಂತ್ರಕ್ಕೆ ಹೆದರಿ ಎಳೆಯುವುದನ್ನು ಬಿಡುತ್ತಿದ್ದಾರೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಎಡಗಾಲಿನಲ್ಲಿ ತಾಳ ಇಟ್ಟುಕೊಂಡವನು ಹಾಡುವವರ ಜೊತೆ ಹಿಗ್ಗಬಲ್ಲ, ಕುಗ್ಗಬಲ್ಲ, ಮತ್ತೆ ಅದೇ ಲಯಕ್ಕೆ ಮರಳಬಲ್ಲ. ಕಿವಿಯಲ್ಲಿ ಇಟ್ಟುಕೊಂಡವನಿಗೆ ಅದು ಸಾಧ್ಯವಿಲ್ಲ. ಒಬ್ಬ ವಾದಕನ ಸೋಮಾರಿ ಕಾಲಿಗೆ ದಂಡ ಕಟ್ಟುವವರು ಪಕ್ಕದಲ್ಲಿ ನಿಂತ ಹಾಡುಗಾರರು.

‘ಎಡಗಾಲು ಮಾತು ಕೇಳಲ್ಲ ಸಾರ್’

ಇದು ನಾನು ವಾರಕ್ಕೊಮ್ಮೆಯಾದರೂ ಕೇಳುವ ದೂರು. ಹೇಳುವವನು ಕ್ಲಾಸಿಗೆ ಬಂದಿರುವುದು ಚಾಕಣದಲ್ಲಿ ತಯಾರಾದ ಪಲ್ಸರ್ ಬೈಕಿನ ಮೇಲೆ. ಕೊಥರೂಡಿನಿಂದ ಕ್ಯಾಂಪಿಗೆ ಬರುವಷ್ಟರಲ್ಲಿ ಅವನ ಎಡಗಾಲು ನೂರಾರು ಸಲ ಗೇರು ಬದಲಿಸಿದೆ. ಎಡಗೈಯ ಕ್ಲಚ್ಚು, ಬಲಗೈಯ ಆಕ್ಸಿಲರೇಟರ್, ಬಲಗಾಲಿನ ಬ್ರೇಕು, ಕಣ್ಣು ಸಿಗ್ನಲ್ಲಿನ ಮೇಲೆ, ಬಾಯಲ್ಲಿ ಹಿಂದೆ ಕೂತವನ ಜೊತೆ ಹರಟೆ. ನಾಲ್ಕು ಅಂಗ, ನಾಲ್ಕು ಕೆಲಸ. ಇಷ್ಟೆಲ್ಲ ಮಾಡುವ ಕಾಲು ನನ್ನ ಮುಂದೆ ಮಾತ್ರ ಮೂಕವಾಗುತ್ತದಂತೆ!

ಹಿಂದಿನವರನ್ನು ನೋಡಿ. ಇಳಕಲ್ಲಿನ ಗುಂಡಿಮಗ್ಗದಲ್ಲಿ ಕೂತ ನೇಕಾರನ ಕಾಲುಗಳು ಕೆಳಗಿನ ಹಲಗೆಗಳನ್ನು ಸರದಿಯಂತೆ ತುಳಿಯುತ್ತವೆ, ಒಂದು ಕೈ ಲಾಳಿ ಓಡಿಸುತ್ತದೆ, ಇನ್ನೊಂದು ಕೈ ಹಣಿಗೆ ಬಡಿಯುತ್ತದೆ. ಕಂಪನಿ ನಾಟಕದ ಕಾಲು ಹಾರ್ಮೋನಿಯಂ ನೆನಪಿಸಿಕೊಳ್ಳಿ. ಉತ್ತರ ಕರ್ನಾಟಕದ ನಾಟಕಗಳಿಗೂ ಪುಣೆಯ ಮರಾಠಿ ಸಂಗೀತ ನಾಟಕಗಳಿಗೂ ಅದೊಂದು ಸಮಾನ ಆಸ್ತಿ. ಕಾಲುಗಳು ತಿದಿಯನ್ನು ಒಂದೇ ಹದದಲ್ಲಿ ತುಳಿಯಬೇಕು. ಕೈ ಎಷ್ಟೇ ವೇಗದ ತಾನ ನುಡಿಸಲಿ, ಕಾಲು ಅದರ ಹಿಂದೆ ಓಡಿದರೆ ಗಾಳಿ ಕೆಟ್ಟು ಸ್ವರ ನಡುಗುತ್ತದೆ. ಯಕ್ಷಗಾನದ ಭಾಗವತರು ಕೈಯಲ್ಲಿ ಜಾಗಟೆಯನ್ನೋ ತಾಳವನ್ನೋ ಹಿಡಿದು, ಪದ ಹೇಳುತ್ತ, ವೇಷಧಾರಿಯ ಹೆಜ್ಜೆ ನೋಡುತ್ತ, ಚೆಂಡೆಯವನಿಗೆ ಕಣ್ಣಲ್ಲೇ ಸೂಚನೆ ಕೊಡುತ್ತಾರೆ. ಆಳಂದಿ ಮತ್ತು ದೇಹುವಿನ ಪಾಲಖಿಗಳು ಪುಣೆಗೆ ಬರುವಾಗ ರಸ್ತೆಯ ಬದಿ ನಿಂತು ನೋಡಿ: ವಾರಕರಿಗಳ ಕೈಯಲ್ಲಿ ತಾಳ, ಬಾಯಲ್ಲಿ ಅಭಂಗ, ಕಾಲಲ್ಲಿ ‘ಪಾವಲಿ’ಯ ಹೆಜ್ಜೆ. ಎಪ್ಪತ್ತರ ಅಜ್ಜಿ ಪಂಢರಪುರದ ದಾರಿಯಲ್ಲಿ ಮಾಡುವುದನ್ನು ಹದಿನೇಳರ ಹುಡುಗ ಏಸಿ ರೂಮಿನಲ್ಲಿ ಕೂತು ಅಸಾಧ್ಯ ಅನ್ನುತ್ತಾನೆ.

ಇನ್ನೂ ನಂಬಿಕೆ ಬರದಿದ್ದರೆ ಡೆಫ್ ಲೆಪರ್ಡ್ ತಂಡದ ರಿಕ್ ಅಲೆನ್. 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಅವನ ಎಡಗೈ ಹೋಯಿತು. ಎಡಗೈ ಬಾರಿಸುತ್ತಿದ್ದ ಪೆಟ್ಟುಗಳನ್ನು ಅವನು ಎಡಗಾಲಿಗೆ ಕಲಿಸಿದ. ಅದಕ್ಕಾಗಿ ವಿದ್ಯುನ್ಮಾನ ಪೆಡಲುಗಳನ್ನು ಮಾಡಿಸಿಕೊಂಡ. 1986ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ಸಾವಿರಾರು ಜನರ ಮುಂದೆ ನುಡಿಸಿದ. ಎರಡು ವರ್ಷವೂ ಹಿಡಿಯಲಿಲ್ಲ. ಕೆಲಸ ಕೊಟ್ಟರೆ ಕಾಲು ಕಲಿಯುತ್ತದೆ. ನಾವು ಕೊಡುತ್ತಿಲ್ಲ.

ತೊಂದರೆ ಎಲ್ಲಿದೆ

‘ಮೆದುಳನ್ನು ನಾಲ್ಕು ಭಾಗ ಮಾಡಿಕೋ’ ಎಂದು ಕೆಲವರು ಉಪದೇಶಿಸುತ್ತಾರೆ. ಅದು ಬರೀ ಮಾತು. ತೊಂದರೆ ಮೊದಲು ಇರುವುದು ಕುಂಡೆಯಲ್ಲಿ. ಬಹಳ ಹುಡುಗರು ದೇಹದ ಭಾರವನ್ನು ಆಸನದ ಮೇಲೆ ಬಿಡದೆ ಎಡಗಾಲಿನ ಮೇಲೆ ಹೊರಿಸಿರುತ್ತಾರೆ. ಬಲಗಾಲು ಬಾಸ್ ಡ್ರಮ್ ಒತ್ತಲು ಎದ್ದಾಗ ಮೈ ವಾಲದಂತೆ ಹಿಡಿಯುವ ಊರುಗೋಲು ಆ ಎಡಗಾಲು. ಊರುಗೋಲನ್ನು ಎತ್ತು ಅಂದರೆ ಎತ್ತುವುದು ಹೇಗೆ? ಆಸನ ಮಂಡಿಗಿಂತ ಸ್ವಲ್ಪವೇ ಎತ್ತರಕ್ಕಿರಲಿ, ತೊಡೆ ಮುಂದಕ್ಕೆ ತುಸು ಇಳಿಜಾರಾಗಿರಲಿ. ಎರಡೂ ಪಾದಗಳನ್ನು ನೆಲದಿಂದ ಎತ್ತಿ ಹತ್ತು ಸೆಕೆಂಡು ಕೂರಲು ಬಂದರೆ ಆಸನ ಸರಿ. ಬಾರದಿದ್ದರೆ ಯಾವ ಪಾಠವೂ ಬೇಡ, ಅದನ್ನೇ ಸರಿಮಾಡಿ.

ಎರಡನೆಯದು ಸ್ನಾಯು. ಹಿಮ್ಮಡಿ ಊರಿ ಪೆಡಲ್ ನುಡಿಸುವಾಗ ಮುಂಗಾಲನ್ನು ಎತ್ತುವುದು ಕಣಕಾಲಿನ ಮುಂಭಾಗದ ಸ್ನಾಯು. ದಿನದಲ್ಲಿ ಅದಕ್ಕೆ ಇಷ್ಟು ಸಲ ಎತ್ತುವ ಕೆಲಸ ಬೀಳುವುದಿಲ್ಲ, ಹಾಗಾಗಿ ಎರಡೇ ನಿಮಿಷಕ್ಕೆ ಉರಿಯುತ್ತದೆ. ಹುಡುಗ ಅದನ್ನು ‘ನನಗೆ ಕೋಆರ್ಡಿನೇಷನ್ ಇಲ್ಲ’ ಎಂದು ಓದಿಕೊಳ್ಳುತ್ತಾನೆ. ದಣಿವನ್ನು ದಡ್ಡತನ ಎಂದು ತಿಳಿಯುವ ಈ ತಪ್ಪು ಎಷ್ಟು ಜನರನ್ನು ಡ್ರಮ್ಸ್ ಬಿಡಿಸಿದೆಯೋ. ನೋವು ಬಂದರೆ ನಿಲ್ಲಿಸಿ, ನಾಳೆ ಮತ್ತೆ ಮಾಡಿ. ಮೂರ್ನಾಲ್ಕು ವಾರದಲ್ಲಿ ಉರಿ ಹೋಗುತ್ತದೆ.

ಮೂರನೆಯದು ಅಂಗಗಳ ನಡುವಿನ ನಂಟು. ಈಗಲೇ ಕೂತಲ್ಲೇ ಪರೀಕ್ಷಿಸಿ. ಬಲಪಾದವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತ, ಬಲಗೈಯಿಂದ ಗಾಳಿಯಲ್ಲಿ 6 ಬರೆಯಿರಿ. ಪಾದ ದಿಕ್ಕು ಬದಲಿಸಿತೇ? ಈಗ ಎಡಗೈಯಿಂದ ಬರೆಯಿರಿ, ಅಷ್ಟು ಕಷ್ಟವಾಗುವುದಿಲ್ಲ. ಒಂದೇ ಬದಿಯ ಕೈ ಮತ್ತು ಕಾಲು ಒಂದನ್ನೊಂದು ಎಳೆಯುತ್ತವೆ. ಡ್ರಮ್ಸಿನಲ್ಲಿ ಎಡಗೈ ಸ್ನೇರ್ ಬಾರಿಸಿದಾಗಲೆಲ್ಲ ಎಡಗಾಲು ತಾನೂ ಕುಣಿಯುವುದು ಇದರಿಂದಲೇ. ಅದು ಹಟಮಾರಿಯಲ್ಲ, ಅನುಕರಣೆ ಮಾಡುತ್ತಿದೆ. ತನ್ನದೇ ಕೆಲಸ ಇಲ್ಲದವರು ಪಕ್ಕದವರನ್ನು ನೋಡಿ ಮಾಡುತ್ತಾರೆ. ಹಾಗಾಗಿ ಎಡಗಾಲಿಗೆ ಬೇಕಿರುವುದು ಒಂದು ಸ್ವಂತ ಕೆಲಸ, ಬಿಡಲಾಗದ ಒಂದು ಜವಾಬ್ದಾರಿ. ‘ನೀನು ಸ್ವತಂತ್ರ’ ಎಂದು ಅದಕ್ಕೆ ಹೇಳಿ ಪ್ರಯೋಜನವಿಲ್ಲ.

ಪೆಟ್ಟು ಮತ್ತು ಹುಸಿ

ಆ ಕೆಲಸ ಯಾವುದು ಎಂದು ನಮ್ಮ ಸಂಗೀತ ಶಾಲೆಗಳಿಗೆ ಗೊತ್ತಿದೆ. ಕರ್ನಾಟಕ ಸಂಗೀತ ಕಲಿಯುವ ಮಗುವಿಗೆ ಸರಳೆ ವರಸೆಯ ಜೊತೆಗೇ ತಾಳ ಹಾಕಲು ಕಲಿಸುತ್ತಾರೆ. ಆದಿತಾಳ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಬಾಯಿ ಒಂದನೆಯ ಕಾಲದಲ್ಲಿ ಹಾಡಲಿ, ಎರಡನೆಯದರಲ್ಲಿ ಹಾಡಲಿ, ಮೂರನೆಯದರಲ್ಲಿ ಹಾಡಲಿ, ಕೈ ಕದಲುವುದಿಲ್ಲ. ಎಂಟು ವರ್ಷದ ಮಗು ಇದನ್ನು ಮಾಡುತ್ತದೆ, ಯಾರೂ ಅದನ್ನು ಪವಾಡ ಅನ್ನುವುದಿಲ್ಲ. ಪುಣೆಯ ಹಿಂದೂಸ್ತಾನಿ ಪಾಠಗಳಲ್ಲೂ ತೀನ್ ತಾಲದ ಹದಿನಾರು ಮಾತ್ರೆಗೆ ಒಂದು, ಐದು, ಹದಿಮೂರರಲ್ಲಿ ಚಪ್ಪಾಳೆ, ಒಂಬತ್ತರಲ್ಲಿ ಖಾಲಿ. ಅಲ್ಲಿ ಕೈ ಮಾಡುವ ಕೆಲಸವನ್ನು ಡ್ರಮ್ಸಿನಲ್ಲಿ ಎಡಗಾಲು ಮಾಡಬೇಕು, ಅಷ್ಟೇ.

ಹುಸಿ ಎನ್ನುವ ಪದವನ್ನು ಗಮನಿಸಿ. ಸದ್ದಿಲ್ಲ, ಆದರೆ ಎಣಿಕೆ ಇದೆ. ಕೈ ಬೀಸುವುದಕ್ಕೂ ಒಂದು ಜಾಗ ಇದೆ. ಹೈ-ಹ್ಯಾಟಿನಲ್ಲಿ ಹುಡುಗರು ಒತ್ತುವುದನ್ನು ಮಾತ್ರ ಎಣಿಸುತ್ತಾರೆ. ಎತ್ತುವುದು ಯಾವಾಗಲೋ ಆಗಿಹೋಗುತ್ತದೆ. ಕಾಲು ತಡವಾಗುವುದು ಅಲ್ಲೇ. ಎರಡು ‘ಚಿಕ್’ಗಳ ಸರಿಯಾಗಿ ನಡುವೆ ಮುಂಗಾಲು ಎದ್ದಿರಬೇಕು. ಎತ್ತುವುದನ್ನು ಎಣಿಸಲು ಕಲಿತವನ ‘ಚಿಕ್’ ತಾನಾಗಿಯೇ ಜಾಗಕ್ಕೆ ಬೀಳುತ್ತದೆ.

ನಾನು ಮಾಡಿಸುವ ಕ್ರಮ ಇದು, ಡ್ರಮ್ ಸೆಟ್ ಬೇಕಿಲ್ಲ, ಊಟದ ಕುರ್ಚಿ ಸಾಕು. ಮೊದಲ ಎರಡು ವಾರ, ದಿನಕ್ಕೆ ಹತ್ತು ನಿಮಿಷ, ನಿಮಿಷಕ್ಕೆ ಅರವತ್ತು ಪೆಟ್ಟಿನ ನಿಧಾನದಲ್ಲಿ ಎಡಗಾಲು ಎಂಟು ಎಣಿಕೆಯನ್ನು ತಟ್ಟುತ್ತದೆ, ಬಲಗೈ ಆದಿತಾಳ ಹಾಕುತ್ತದೆ, ಬಾಯಿ ‘ತಕಧಿಮಿ’ ಹೇಳುತ್ತದೆ: ಮೊದಲು ಪೆಟ್ಟಿಗೊಂದು ಅಕ್ಷರ, ಆಮೇಲೆ ಎರಡು, ಆಮೇಲೆ ನಾಲ್ಕು. ಮೂರನೆಯ ವಾರ ಬಾಯಿ ‘ತಕಿಟ ತಕಿಟ ತಕ’ಕ್ಕೆ ಹೋಗುತ್ತದೆ, ಪೆಟ್ಟಿಗೊಂದು ಅಕ್ಷರ. ಮೂರು, ಮೂರು, ಎರಡು, ಕೂಡಿದರೆ ಎಂಟು. ಕಾಲು ಮಾತ್ರ ಸಮವಾಗಿ ಎಂಟನ್ನೇ ಹೇಳುತ್ತಿರಬೇಕು. ಆಮೇಲೆ ಪ್ರತಿ ‘ತ’ಕ್ಕೂ ಎಡಗೈ ತೊಡೆ ತಟ್ಟಲಿ. ಮೇಲೆ ಹೇಳಿದ ನಂಟು ಬಿಡಿಸಿಕೊಳ್ಳುವುದು ಇಲ್ಲೇ, ಒಂದು ವಾರ ಬೇಕು. ಆಮೇಲೆ ಅದೇ ‘ತ’ ಬಲಗಾಲಿಗೆ. ಈಗ ಎಡಗಾಲು ಎಂಟು, ಬಲಗಾಲು ಮೂರು-ಮೂರು-ಎರಡು, ಕೈಗಳೆರಡೂ ಖಾಲಿ. ಹತ್ತಾರು ಹಾಡುಗಳ ಅಡಿಪಾಯ ಇಷ್ಟರಲ್ಲೇ ಇದೆ. ಕೊನೆಗೆ ಎಡಗಾಲನ್ನು ಪೆಟ್ಟುಗಳ ನಡುವಿಗೆ ಸರಿಸಿ ಇದನ್ನೆಲ್ಲ ಮೊದಲಿನಿಂದ ಮಾಡಿ.

ಪರೀಕ್ಷೆಯೂ ಸುಲಭ. ಎಡಗಾಲು ನಡೆಯುತ್ತಿರುವಾಗ ಅಮ್ಮ ಅಡುಗೆಮನೆಯಿಂದ ಏನಾದರೂ ಕೇಳಲಿ. ಕಾಲು ನಿಲ್ಲದೆ ಉತ್ತರ ಕೊಡಲು ಬಂದರೆ ತಾಳ ಮೈಗೆ ಇಳಿದಿದೆ.

ಎದುರು ವಾದಗಳು

ತ್ರಿಲೋಕ್ ಗುರ್ಟು ನೆಲದ ಮೇಲೆ ಮಂಡಿಯೂರಿ ನುಡಿಸುತ್ತಾರಲ್ಲ, ಅವರಿಗೆ ಈ ಎಡಗಾಲಿನ ರಗಳೆ ಎಲ್ಲಿದೆ ಎಂದು ಒಬ್ಬರು ಕೇಳಿದ್ದರು. ತ್ರಿಲೋಕ್ ಅವರ ತಾಯಿ ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಠುಮ್ರಿ ಗಾಯಕಿ ಶೋಭಾ ಗುರ್ಟು. ಮಗ ತಬಲಾ ಕಲಿತು, ಹಾಡಿನ ಮನೆಯಲ್ಲಿ ಬೆಳೆದು ಡ್ರಮ್ಸಿಗೆ ಬಂದವರು. ತಾಳವನ್ನು ಮೈಯಲ್ಲಿ ಕೂರಿಸಿಕೊಂಡ ಮೇಲೆ ಅದನ್ನು ಎಡಗಾಲಿನಲ್ಲಿ ತೋರಿಸಬೇಕೋ ಬೇಡವೋ ಎನ್ನುವುದು ಅವರವರ ಆಯ್ಕೆ. ಅವರನ್ನು ತೋರಿಸಿ ಎಡಗಾಲು ಬೇಡ ಅನ್ನುವವರು ಅವರ ತಬಲಾದ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಸ್ವಾತಂತ್ರ್ಯ ಎನ್ನುವ ಪದಕ್ಕೇ ನಾನು ಯಾಕೆ ಹೀಗೆ ಬೀಳುತ್ತೇನೆ ಎಂದೂ ಕೇಳಬಹುದು. ಜಿಮ್ ಚೇಪಿನ್ 1948ರಲ್ಲಿ ಜಾಝ್ ಡ್ರಮ್ಮರುಗಳಿಗೆ ಬರೆದ ಅಭ್ಯಾಸ ಪುಸ್ತಕ ಈ ‘ಇಂಡಿಪೆಂಡೆನ್ಸ್’ ಪಾಠಗಳ ತಾಯಿಬೇರು. ಅದನ್ನು ತೆರೆದು ನೋಡಿ: ಬಲಗೈ ತಟ್ಟೆಯ ಮೇಲೆ ಒಂದೇ ನಡೆ ಹಿಡಿದಿರುತ್ತದೆ, ಹೈ-ಹ್ಯಾಟ್ ತನ್ನ ಜಾಗ ಬಿಡುವುದಿಲ್ಲ, ಉಳಿದ ಅಂಗ ಅವುಗಳಿಗೆದುರಾಗಿ ಓಡಾಡುತ್ತದೆ. ಕದಲದ ಒಂದು ಇದ್ದರೇ ಉಳಿದದ್ದಕ್ಕೆ ಓಡಾಟ. ಕ್ಯೂಬಾದ ಒರಾಸಿಯೋ ಹೆರ್ನಾಂಡೆಸ್ ಎಡಗಾಲಿನಿಂದ ಗಂಟೆಯ ಮೇಲೆ ತಮ್ಮ ಸಂಗೀತದ ‘ಕ್ಲಾವೆ’ ನಡೆಯನ್ನು ನುಡಿಸುತ್ತ, ಉಳಿದ ಮೂರರಿಂದ ಬೇರೆಯೇ ಲೋಕ ಕಟ್ಟುತ್ತಾನೆ. ಅವನ ಎಡಗಾಲನ್ನು ಜಗತ್ತು ಸ್ವತಂತ್ರ ಕಾಲು ಎಂದು ಹೊಗಳುತ್ತದೆ. ನನಗೆ ಕಾಣುವುದು ತನ್ನ ಊರಿನ ತಾಳಕ್ಕೆ ನಿಷ್ಠವಾದ ಒಂದು ಕಾಲು. ಕ್ಯೂಬಾದವರು ತಮ್ಮ ತಾಳವನ್ನು ಡ್ರಮ್ ಸೆಟ್ಟಿಗೆ ತಂದರು. ತಾಳದ ಶಾಸ್ತ್ರವನ್ನೇ ಬೆಳೆಸಿದ ನಾವು, ಅದನ್ನು ಮನೆಯಲ್ಲಿ ಬಿಟ್ಟು, ಫೋನು ಹಿಡಿದುಕೊಂಡು ಕ್ಲಾಸಿಗೆ ಹೋಗುತ್ತೇವೆ.

ಕಲಿಸುವ ಗೆಳೆಯರಿಗೆ ನನ್ನ ಬೇಡಿಕೆ ಒಂದೇ. ಹೊಸ ವಿದ್ಯಾರ್ಥಿಗೆ ಮೊದಲ ತಿಂಗಳು ಕೋಲು ಕೊಡಬೇಡಿ, ಎಡಗಾಲು ಕೊಡಿ. ‘ದುಡ್ಡು ಕೊಟ್ಟಿದ್ದೇವೆ, ಹುಡುಗ ಡ್ರಮ್ ಬಾರಿಸುತ್ತಲೇ ಇಲ್ಲವಲ್ಲ’ ಎಂದು ಮನೆಯವರು ಗೊಣಗುತ್ತಾರೆ, ಗೊಣಗಲಿ. ಕೆಲವರು ಬಿಟ್ಟೂ ಹೋಗುತ್ತಾರೆ. ತಂದೆ ತಾಯಂದಿರಿಗೂ ಒಂದು ಮಾತು: ಫ್ಲಾಟಿನಲ್ಲಿ ಸದ್ದಾಗುತ್ತದೆ, ಸೊಸೈಟಿಯವರು ಬೈಯುತ್ತಾರೆ, ಸೆಟ್ ತರಲು ದುಡ್ಡಿಲ್ಲ ಎಂದು ಕಾಯಬೇಡಿ. ಎಡಗಾಲಿನ ಅಭ್ಯಾಸಕ್ಕೆ ಒಂದು ಪೈಸೆ ಬೇಡ, ಕೆಳಗಿನ ಮನೆಯವರಿಗೆ ಕೇಳಿಸುವುದೂ ಇಲ್ಲ. ಮಗ್ಗಿ ಹೇಳಿಸುವಾಗ ಹೇಳಿಸಿ, ಬಸ್ಸಿಗೆ ಕಾಯುವಾಗ ಮಾಡಿಸಿ.

ಒಪ್ಪದವರು ಈ ಮೇಲ್‌ಗೇ ಉತ್ತರ ಬರೆಯಿರಿ. ಆದರೆ ಬರೆಯುವಷ್ಟು ಹೊತ್ತೂ ಎಡಗಾಲು ಎಂಟು ಎಣಿಸುತ್ತಿರಲಿ. ನಿಮ್ಮ ಎರಡನೆಯ ಪ್ಯಾರಾ ಬರೆಯುವಷ್ಟರಲ್ಲಿ ಅದು ನಿಂತುಹೋಗಿದ್ದರೆ, ವಾದವನ್ನು ಒಂದು ತಿಂಗಳು ಮುಂದೂಡೋಣ.